ಫೋನು ಬರುವ ಮೊದಲು: ಮಗಳಿಗೊಂದು ಪತ್ರ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಮೃತ ದಾನಿಗಳ ಅಂಗ ಹಂಚುವ ನಮ್ಮ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯಲ್ಲಿ, ಕಿಡ್ನಿ ಕಸಿಗೆ ಕಾಯುವವರ ಪಟ್ಟಿಗೆ ನಿನ್ನ ಹೆಸರು ಸೇರಿತು ಎಂದು ಅಳಿಯಂದಿರು ಹೇಳಿದರು. ನನಗೆ ಸಕ್ಕರೆ ಕಾಯಿಲೆ, ನಿಮ್ಮಪ್ಪನಿಗೆ ಹೃದಯದ ತೊಂದರೆ, ಅಳಿಯಂದಿರಿಗೆ ಎರಡೂ ಕಿಡ್ನಿಯಲ್ಲಿ ಕಲ್ಲು. ಮನೆಯಲ್ಲಿ ಕೊಡುವವರಿಲ್ಲ ಎಂದು ತೀರ್ಮಾನವಾದ ಮೇಲೆ ಅದನ್ನೇ ಮತ್ತೆ ಮತ್ತೆ ಕೆದಕುವುದು ಬೇಡ. ಇನ್ನು ಕಾಯುವುದು. ಆದರೆ ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ. ಮೃತ ದಾನಿಯ ಕಿಡ್ನಿ ಬರುವ ದಿನ ಯೋಚಿಸಲು, ಕೇಳಲು, ಓದಲು ಯಾರಿಗೂ ಪುರುಸೊತ್ತಿರುವುದಿಲ್ಲ. ಅಂದು ಕೇಳಬೇಕಾದ್ದನ್ನೆಲ್ಲ ಇಂದೇ ಕೇಳಿಟ್ಟುಕೊಂಡಿರಬೇಕು. ಡಯಾಲಿಸಿಸ್ ವಾರ್ಡಿನ ಸಿಸ್ಟರಾಗಿ ಹೇಳಿದ ಮಾತು ಎಂದುಕೊಂಡು ಓದು, ಇಲ್ಲವೇ ಅಮ್ಮನ ಮಾತು ಎಂದುಕೊಂಡು ಓದು, ಪೂರ್ತಿ ಓದು.

ಮೊದಲು ಪಟ್ಟಿಯ ವಿಷಯ. ಇದು ಬ್ಯಾಂಕಿನ ಟೋಕನ್ ಇದ್ದ ಹಾಗಲ್ಲ. ನಿನಗಿಂತ ಆಮೇಲೆ ಹೆಸರು ಕೊಟ್ಟವರಿಗೆ ಮೊದಲು ಕರೆ ಬಂದರೆ ಮೋಸ ನಡೆಯಿತು ಎಂದುಕೊಳ್ಳಬೇಡ. ಮೊದಲು ರಕ್ತದ ಗುಂಪು ನೋಡುತ್ತಾರೆ. ನಿನ್ನದು ಓ, ನಿನಗೆ ಓ ಗುಂಪಿನ ಕಿಡ್ನಿಯೇ ಆಗಬೇಕು. ಆಮೇಲೆ ಅಂಕ. ಅಂಗ ಹಂಚಿಕೆ ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ ನೊಟ್ಟೊ ಮಾಡಿರುವ ಮಾರ್ಗಸೂಚಿಯಲ್ಲಿ ಡಯಾಲಿಸಿಸ್ ಮೇಲಿದ್ದ ಪ್ರತಿ ತಿಂಗಳಿಗೂ 1 ಅಂಕ. ಮಕ್ಕಳಿಗೆ, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಕೈಯ ರಕ್ತನಾಳಗಳನ್ನು ಸೇರಿಸಿ ಮಾಡುವ ಜೋಡಣೆ) ಮಾಡಲು ಎರಡೂ ಕೈಯಲ್ಲಿ ರಕ್ತನಾಳವೇ ಉಳಿಯದವರಿಗೆ, ಹಿಂದೊಮ್ಮೆ ತಾವೇ ಕಿಡ್ನಿ ಕೊಟ್ಟು ಈಗ ತಮ್ಮದು ಕೆಟ್ಟವರಿಗೆ ಹೆಚ್ಚುವರಿ ಅಂಕಗಳಿವೆ, ಇರಬೇಕಾದ್ದೇ. ದಾನಿ ಇದ್ದ ಆಸ್ಪತ್ರೆಗೆ ಕಸಿ ಮಾಡುವ ಪರವಾನಗಿ ಇದ್ದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಿಡ್ನಿ ಆ ಆಸ್ಪತ್ರೆಯ ರೋಗಿಗಳಿಗೆ, ಇನ್ನೊಂದು ಸಾಮಾನ್ಯ ಪಟ್ಟಿಗೆ. ‘ಸ್ವಲ್ಪ ಖರ್ಚು ಮಾಡಿದರೆ ಸರದಿ ಹತ್ತಿರ ಮಾಡಿಸುತ್ತೇವೆ’ ಎಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ಎದ್ದು ಬಾ. ದುಡ್ಡು ಕೊಟ್ಟು ಅಂಗ ಪಡೆಯುವುದು 1994ರ ಅಂಗಾಂಗ ಕಸಿ ಕಾಯ್ದೆಯಡಿ ಅಪರಾಧ. 2011ರ ತಿದ್ದುಪಡಿಯ ನಂತರ ಶಿಕ್ಷೆ 5ರಿಂದ 10 ವರ್ಷ ಜೈಲು, ದಂಡ 20 ಲಕ್ಷದಿಂದ 1 ಕೋಟಿ.

ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಕರೆದ ದಿನ ಆಪರೇಷನ್‌ಗೆ ಮೈ ತಯಾರಿರಬೇಕು. ಹಲ್ಲು ಹುಳುಕಾಗಿದ್ದರೆ ಈಗಲೇ ತೆಗೆಸು ಅಥವಾ ತುಂಬಿಸು. ಈಗ ಬರೀ ಹಲ್ಲುನೋವು ಎನಿಸುವುದು, ಕಸಿಯಾದ ಮೇಲೆ ರೋಗನಿರೋಧಕ ಶಕ್ತಿ ತಗ್ಗಿಸಿದಾಗ ರಕ್ತಕ್ಕೆ ನಂಜು ಏರಿಸಬಹುದು. ಹೆಪಟೈಟಿಸ್ ಬಿ ಲಸಿಕೆ ಡಯಾಲಿಸಿಸ್‌ನವರಿಗೆ ಇಮ್ಮಡಿ ಪ್ರಮಾಣದಲ್ಲಿ, 40 ಮೈಕ್ರೋಗ್ರಾಂ, ನಾಲ್ಕು ಸಲ: ಮೊದಲ ದಿನ, ಒಂದು, ಎರಡು, ಆರನೇ ತಿಂಗಳಿಗೆ. ಚುಚ್ಚಿಸಿಕೊಂಡೆ ಎಂದರೆ ಮುಗಿಯಲಿಲ್ಲ, ಆಂಟಿಬಾಡಿ ಮಟ್ಟ 10 ದಾಟಿದೆಯೇ ಎಂದು ನೋಡಿಸಬೇಕು. ದಾಟದವರು ಎಷ್ಟೋ ಜನ. ನ್ಯುಮೋನಿಯಾ ಮತ್ತು ಫ್ಲೂ ಲಸಿಕೆಯೂ ಆಗಲಿ. ಸೀತಾಳೆ ಸಿಡುಬು ನಿನಗೆ ಚಿಕ್ಕಂದಿನಲ್ಲಿ ಬಂದಿಲ್ಲ, ಆ ಲಸಿಕೆ ಜೀವಂತ ವೈರಸ್ಸಿನದು. ಕಸಿಗೆ ಕನಿಷ್ಠ ಒಂದು ತಿಂಗಳ ಮುಂಚೆ ಹಾಕಿಸಬಹುದು, ಕಸಿಯ ನಂತರ ಹಾಕುವುದಿಲ್ಲ. ಮೃತ ದಾನಿಯ ಕಸಿಗೆ ದಿನಾಂಕ ಗೊತ್ತಿರುವುದಿಲ್ಲವಲ್ಲ, ಹಾಗಾಗಿ ಹಾಕಿಸಿದ ತಿಂಗಳು ಪಟ್ಟಿಯಲ್ಲಿ ನಿನ್ನ ಹೆಸರನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕೇ ಎಂದು ಆಸ್ಪತ್ರೆಯ ಕಸಿ ಸಂಯೋಜಕರನ್ನು ಕೇಳು. ಜ್ವರ, ಕೆಮ್ಮು, ಕಾಲಿಗೆ ಗಾಯ ಏನೇ ಆದರೂ ಅವರಿಗೆ ತಿಳಿಸು. ಮುಚ್ಚಿಟ್ಟರೆ ಬಂದ ಕಿಡ್ನಿ ಆಪರೇಷನ್ ಟೇಬಲ್ಲಿನ ಹತ್ತಿರದಿಂದ ಬೇರೆಯವರಿಗೆ ಹೋಗುತ್ತದೆ, ಆ ನಡುವೆ ಗಂಟೆಗಳು ವ್ಯರ್ಥ.

ರಕ್ತ ಏರಿಸಿಕೊಳ್ಳುವ ವಿಷಯದಲ್ಲಿ ಗಟ್ಟಿಯಾಗಿರು. ಹಿಮೋಗ್ಲೋಬಿನ್ 7 ಇದೆ, ಒಂದು ಬಾಟಲ್ ಹಾಕಿಬಿಡೋಣ ಎನ್ನುವುದು ಸುಲಭ. ಆದರೆ ಬೇರೆಯವರ ರಕ್ತದ ಬಿಳಿ ಕಣಗಳನ್ನು ಕಂಡ ದೇಹ ಅವುಗಳ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ಕಟ್ಟಿಕೊಳ್ಳುತ್ತದೆ. ಬಸಿರಾದಾಗಲೂ ಹೀಗೆಯೇ, ಹೆಂಗಸರಿಗೆ ಹೊಂದುವ ಕಿಡ್ನಿ ಸಿಗುವುದು ಕಷ್ಟವಾಗಲು ಅದೂ ಒಂದು ಕಾರಣ. ಪ್ರತಿಕಾಯ ಹೆಚ್ಚಿದಷ್ಟೂ ನಿನಗೆ ಹೊಂದುವ ದಾನಿಗಳು ಕಡಿಮೆ. ಹಿಮೋಗ್ಲೋಬಿನ್ ಏರಿಸುವ ಎರಿತ್ರೋಪೊಯೆಟಿನ್ ಇಂಜೆಕ್ಷನ್, ಕಬ್ಬಿಣದ ಇಂಜೆಕ್ಷನ್ ತಪ್ಪಿಸಬೇಡ. ರಕ್ತ ಏರಿಸಲೇಬೇಕಾಗಿ ಬಂದರೆ ಬಿಳಿ ಕಣ ಸೋಸಿದ ರಕ್ತ ಕೇಳು. ಏರಿಸಿದ ಎರಡು ಮೂರು ವಾರದ ಮೇಲೆ ಹೊಸ ಸೀರಂ (ರಕ್ತದ ತಿಳಿ) ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು. ಅವರು ನಿನ್ನ ಹಳೇ ಸೀರಂ ನೋಡಿ ‘ಹೊಂದುತ್ತದೆ’ ಎಂದುಬಿಟ್ಟರೆ ಅನಾಹುತ. ಯಾರೂ ನೆನಪಿಸದಿದ್ದರೂ ನೀನು ನೆನಪಿಸು.

ಈಗ ಕಿಡ್ನಿ ಎಲ್ಲಿಂದ, ಹೇಗೆ ಬರುತ್ತದೆ ಎಂಬುದು. ದಾನಿ ಹೆಚ್ಚಾಗಿ ತಲೆಗೆ ಪೆಟ್ಟು ಬಿದ್ದ ಅಥವಾ ಮಿದುಳಿನಲ್ಲಿ ರಕ್ತಸ್ರಾವವಾದ ವ್ಯಕ್ತಿ. ವೆಂಟಿಲೇಟರ್ ಮೇಲೆ ಎದೆ ಏರಿಳಿಯುತ್ತಿರುತ್ತದೆ, ಹೃದಯ ಬಡಿಯುತ್ತಿರುತ್ತದೆ, ಆದರೆ ಮಿದುಳಿನ ಕಾಂಡ ಸತ್ತಿರುತ್ತದೆ. ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರು ಪರೀಕ್ಷಿಸಿ ಸಹಿ ಹಾಕಬೇಕು, ಕನಿಷ್ಠ ಆರು ಗಂಟೆ ಬಿಟ್ಟು ಅದೇ ಪರೀಕ್ಷೆ ಮತ್ತೊಮ್ಮೆ. ಕಸಿ ಮಾಡುವ ತಂಡದವರು ಆ ನಾಲ್ವರಲ್ಲಿ ಇರುವಂತಿಲ್ಲ. ಕಡೆಯ ಪರೀಕ್ಷೆಯಲ್ಲಿ ಆಮ್ಲಜನಕ ಕೊಡುತ್ತಲೇ ವೆಂಟಿಲೇಟರ್ ಬಿಡಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ 60ಕ್ಕೆ ಏರಿದರೂ ಒಂದೇ ಒಂದು ಉಸಿರು ತಾನಾಗಿ ಬರುವುದಿಲ್ಲವೇ ಎಂದು ನೋಡುತ್ತಾರೆ. ಮನೆಯವರ ಒಪ್ಪಿಗೆ ಆದ ಮೇಲೂ, ಅಪಘಾತವಾಗಿದ್ದರೆ ಪೊಲೀಸ್, ಮರಣೋತ್ತರ ಪರೀಕ್ಷೆಯ ಕಾಗದಪತ್ರ. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಅದಕ್ಕೇ ನಿನಗೆ ಕರೆ ಬಂದ ತಕ್ಷಣ ಆಪರೇಷನ್ ಎಂದಲ್ಲ, ಎಂಟು ಹತ್ತು ಗಂಟೆ ಕಾಯಬೇಕಾಗಬಹುದು.

ತೆಗೆದ ಕಿಡ್ನಿಯೊಳಗಿನ ರಕ್ತವನ್ನೆಲ್ಲ ತಣ್ಣನೆಯ ದ್ರಾವಣದಿಂದ ತೊಳೆದು, ಒಂದರೊಳಗೊಂದು ಮೂರು ಚೀಲದಲ್ಲಿಟ್ಟು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ 4 ಡಿಗ್ರಿ ಹತ್ತಿರ ಕಾಪಾಡುತ್ತಾರೆ. ಹೃದಯಕ್ಕೆ ನಾಲ್ಕಾರು ಗಂಟೆಯ ಗಡುವು. ಕಿಡ್ನಿ 24 ಗಂಟೆಯವರೆಗೆ ತಾಳಿಕೊಳ್ಳುತ್ತದೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಆದರೆ ತಾಳಿಕೊಳ್ಳುವುದು ಬೇರೆ, ಚೆನ್ನಾಗಿರುವುದು ಬೇರೆ. ಒಂದೊಂದು ಗಂಟೆ ಹೆಚ್ಚಿದಂತೆಯೂ ಒಳಗಿನ ಸೂಕ್ಷ್ಮ ನಾಳಗಳು ದಣಿಯುತ್ತವೆ, ಹೊಲಿದ ಮೇಲೆ ಕೆಲಸ ಶುರುಮಾಡುವುದು ತಡವಾಗುತ್ತದೆ. ನೀನು ಆಸ್ಪತ್ರೆಗೆ ಬೇಗ ತಲುಪಬೇಕೆಂದು ಹೇಳುವುದು ಇದಕ್ಕೇ.

ಫೋನಿನ ಮಾತಿಗೆ ಬರೋಣ. ‘ಲೋನ್ ಬೇಕಾ’ ಎನ್ನುವವರ ಕಾಟಕ್ಕೆ ಗುರುತಿಲ್ಲದ ನಂಬರನ್ನೆಲ್ಲ ಬ್ಲಾಕ್ ಮಾಡುತ್ತೀಯಲ್ಲ, ಆ ಅಭ್ಯಾಸ ಇವತ್ತಿಗೇ ನಿಲ್ಲಲಿ. ಸಂಯೋಜಕರ ಬಳಿ ನಿನ್ನದು, ಅಳಿಯಂದಿರದು, ನಮ್ಮ ಮನೆಯದು, ಮೂರೂ ನಂಬರ್ ಇರಲಿ. ರಾತ್ರಿ ಸೈಲೆಂಟ್ ಬೇಡ. ತವರಿಗೆ ಬರುವುದಿದ್ದರೆ ಮೊದಲೇ ಅವರಿಗೆ ಹೇಳು. ಮೈಸೂರಿನಿಂದ ರಾತ್ರಿ ಹೊರಟರೂ ಬೆಂಗಳೂರು ಮೂರು ಗಂಟೆಯ ದಾರಿ, ದೂರ ಗೊತ್ತಿದ್ದರೆ ಅವರೂ ಲೆಕ್ಕ ಹಾಕಿಕೊಳ್ಳುತ್ತಾರೆ.

ಕರೆ ಬಂದ ಕ್ಷಣದಿಂದ ಊಟ, ಕಾಫಿ, ನೀರು ಎಲ್ಲ ಬಂದ್, ಅವರು ಹೇಳಿದ ಮಾತ್ರೆ ಬಿಟ್ಟು. ನಾಲ್ಕು ಸಂಗತಿ ಅವರಿಗೆ ನೀನಾಗಿಯೇ ಹೇಳು: ಕಡೆಯ ಡಯಾಲಿಸಿಸ್ ಯಾವಾಗ, ಈಗ ತೂಕ ಒಣ ತೂಕಕ್ಕಿಂತ (ಮೈಯ ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ) ಎಷ್ಟು ಹೆಚ್ಚು, ಕಡೆಯದಾಗಿ ಏನು ಯಾವಾಗ ತಿಂದೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದೀಯಾ. ಪೊಟ್ಯಾಸಿಯಂ ಏರಿದ್ದರೆ ಆಪರೇಷನ್‌ಗೆ ಮುಂಚೆ ಒಂದೆರಡು ಗಂಟೆ ಡಯಾಲಿಸಿಸ್ ಮಾಡುತ್ತಾರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಲ್ಲದೆ. ಹೆಚ್ಚು ನೀರು ಎಳೆಯದಂತೆ ನೋಡಿಕೊಳ್ಳುತ್ತಾರೆ, ಏಕೆಂದರೆ ಬತ್ತಿದ ಮೈಯಲ್ಲಿ ಬಿ.ಪಿ. ಕುಸಿದರೆ ಹೊಸ ಕಿಡ್ನಿಗೆ ರಕ್ತ ನುಗ್ಗುವುದಿಲ್ಲ. ಚೀಲ ಸಿದ್ಧವಾಗಿಟ್ಟಿರು: ಡಯಾಲಿಸಿಸ್ ಫೈಲು, ಮಾತ್ರೆಗಳ ಪಟ್ಟಿ, ಆಧಾರ್, ವಿಮೆಯ ಕಾರ್ಡು, ಚಾರ್ಜರ್, ಮುಂದೆ ಗುಂಡಿಯಿರುವ ಸಡಿಲ ನೈಟಿ ಎರಡು. ಮುಂಗಡ ಎಷ್ಟು ಕಟ್ಟಬೇಕು, ರಾತ್ರಿ ಎರಡು ಗಂಟೆಗೆ ಹೇಗೆ ಕಟ್ಟುವುದು ಎಂಬುದನ್ನು ಅಳಿಯಂದಿರು ಬಿಲ್ಲಿಂಗ್ ಕೌಂಟರಿನಲ್ಲಿ ಈಗಲೇ ವಿಚಾರಿಸಿಟ್ಟಿರಲಿ. ನಿನ್ನ ಜೊತೆ ಡಯಾಲಿಸಿಸ್‌ಗೆ ಬರುವ ಹುಡುಗಿಯ ಮನೆಯವರಿಗೆ ಬಿ.ಪಿ.ಎಲ್. ಕಾರ್ಡಿದೆ ಎಂದಿದ್ದೆ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಕಸಿಗೆ ನೆರವಿದೆ ಎಂದು ಅವರಿಗೆ ತಿಳಿಸು.

ಒಂದು ಕಿಡ್ನಿಗೆ ಇಬ್ಬರು ಮೂವರನ್ನು ಕರೆಸುವುದು ವಾಡಿಕೆ. ದಾನಿಯ ಬಿಳಿ ರಕ್ತಕಣಗಳನ್ನು ನಿಮ್ಮೊಬ್ಬೊಬ್ಬರ ಸೀರಂ ಜೊತೆ ಬೆರೆಸಿ ಕ್ರಾಸ್‌ಮ್ಯಾಚ್ ಮಾಡುತ್ತಾರೆ, ಫಲಿತಾಂಶಕ್ಕೆ ನಾಲ್ಕಾರು ಗಂಟೆ. ಕಣಗಳು ಸತ್ತರೆ ಪಾಸಿಟಿವ್, ಅಂದರೆ ಆ ಕಿಡ್ನಿ ನಿನಗಲ್ಲ. ನೆಗೆಟಿವ್ ಬಂದರೂ ಅಂಕದಲ್ಲಿ ಮುಂದಿರುವವರಿಗೇ ಮೊದಲು. ಎಲ್ಲ ಸಿದ್ಧತೆ ಮಾಡಿ, ಹಸಿದುಕೊಂಡು, ಕೊನೆಗೆ ಮನೆಗೆ ಹಿಂತಿರುಗುವುದು ಸರ್ವೇಸಾಮಾನ್ಯ. ಎರಡು ಮೂರು ಸಲ ಹಾಗಾಗಬಹುದು. ಮೊದಲ ಕರೆಗೇ ಊರಿಗೆಲ್ಲ ಸುದ್ದಿ ಹಬ್ಬಿಸುವುದು ಬೇಡ ಎನ್ನುವುದು ಅದಕ್ಕೇ. ವಿಶೇಷವಾಗಿ ನಿನ್ನ ಸೋದರತ್ತೆಗೆ.

ಬಂದ ಕಿಡ್ನಿಯ ಬಗ್ಗೆ ಕೇಳುವ ಹಕ್ಕು ನಿನಗಿದೆ. ಹೆಸರು ಹೇಳುವುದಿಲ್ಲ, ಕೇಳಲೂಬಾರದು. ವಯಸ್ಸು, ಬಿ.ಪಿ. ಅಥವಾ ಸಕ್ಕರೆ ಇತ್ತೇ, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹಾಕಬೇಕಾದ ರಕ್ತದ ಕಸ, ಕಿಡ್ನಿ ಸೋತಷ್ಟೂ ಏರುತ್ತದೆ) ಆಸ್ಪತ್ರೆಗೆ ಸೇರಿದಾಗ ಎಷ್ಟಿತ್ತು ಈಗ ಎಷ್ಟಿದೆ, ಎಷ್ಟು ಹೊತ್ತು ತಣ್ಣಗಿಟ್ಟಿದ್ದರು, ಸೋಂಕಿನ ಪರೀಕ್ಷೆಗಳು ಏನು ಹೇಳುತ್ತವೆ ಎಂದು ಕೇಳಬಹುದು. ಯುವ ದಾನಿಯ ಕ್ರಿಯಾಟಿನಿನ್ 0.9 ಇದ್ದದ್ದು ಅಪಘಾತದ ಆಘಾತದಿಂದ 2.5ಕ್ಕೆ ಏರಿದ್ದರೆ ಹೆದರಬೇಕಿಲ್ಲ, ಅಂಥದ್ದು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಅರವತ್ತೈದರ, ಹಳೇ ಬಿ.ಪಿ. ಇದ್ದ ದಾನಿಯಲ್ಲಿ ಅದೇ 2.5 ಬೇರೆಯೇ ಅರ್ಥ ಕೊಡುತ್ತದೆ. ಎಂಥ ಕಿಡ್ನಿಗೆ ಹೂಂ ಅನ್ನಬೇಕು, ಯಾವುದಕ್ಕೆ ಬೇಡ ಅನ್ನಬೇಕು, ಬೇಡ ಎಂದರೆ ಸರದಿಗೆ ಏನಾಗುತ್ತದೆ ಎಂಬುದನ್ನು ಮುಂದಿನ ಓಪಿಡಿಯಲ್ಲೇ ಡಾಕ್ಟರ ಹತ್ತಿರ ಮಾತಾಡಿ ಮುಗಿಸು. ನಿನ್ನ ವಯಸ್ಸಿಗೆ ತೀರಾ ಹಳೆಯ ಕಿಡ್ನಿ ಬೇಡ ಎಂಬುದು ನನ್ನ ಅಭಿಪ್ರಾಯ. ಕಾಯಲು ಮೈಯಲ್ಲಿ ಇನ್ನೂ ಶಕ್ತಿ ಇದೆ.

ಆಪರೇಷನ್ ಮೂರ್ನಾಲ್ಕು ಗಂಟೆ. ನಿನ್ನ ಹಳೇ ಕಿಡ್ನಿಗಳನ್ನು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. ಹೊಸದನ್ನು ಕಿಬ್ಬೊಟ್ಟೆಯಲ್ಲಿ, ಹೆಚ್ಚಾಗಿ ಬಲಗಡೆ ಇಟ್ಟು, ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳಿಗೆ ಅದರ ನಾಳಗಳನ್ನು ಹೊಲಿದು, ಮೂತ್ರನಾಳವನ್ನು ಮೂತ್ರಕೋಶಕ್ಕೆ ಸೇರಿಸುತ್ತಾರೆ. ಆ ಜೋಡಣೆಯೊಳಗೆ ಡಿಜೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಡುತ್ತಾರೆ. ನಾಲ್ಕರಿಂದ ಆರು ವಾರಕ್ಕೆ ಅದನ್ನು ದುರ್ಬೀನು ಹಾಕಿ ತೆಗೆಸಬೇಕು. ಮರೆತರೆ ಅದರ ಮೇಲೆ ಕಲ್ಲು ಕಟ್ಟಿ ಸೋಂಕಾಗುತ್ತದೆ, ಮರೆಯುವವರೂ ಇದ್ದಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ತೆಗೆಸುವ ದಿನಾಂಕ ಬರೆಸಿಕೋ. ಫಿಸ್ಟುಲಾ ಇರುವ ಎಡಗೈಗೆ ಬಿ.ಪಿ. ಪಟ್ಟಿ ಕಟ್ಟಬಾರದು, ಸೂಜಿ ಚುಚ್ಚಬಾರದು ಎಂದು ಒಳಗೆ ಕರೆದೊಯ್ಯುವ ಮುನ್ನ ಬಾಯಿಬಿಟ್ಟು ಹೇಳು. ಆ ಕೈ ಇನ್ನೂ ಬೇಕಾಗುತ್ತದೆ.

ಏಕೆ ಬೇಕಾಗುತ್ತದೆ ಎಂಬುದು ಈ ಪತ್ರದ ಮುಖ್ಯ ಮಾತು, ನಿಧಾನವಾಗಿ ಓದು. ಅಮ್ಮನೋ ಅಣ್ಣನೋ ಕೊಟ್ಟ ಕಿಡ್ನಿ ಟೇಬಲ್ ಮೇಲೇ ಮೂತ್ರ ಸುರಿಸತೊಡಗುತ್ತದೆ. ಮೃತ ದಾನಿಯದು ಹಾಗೆ ಮಾಡದೆ ಇರಬಹುದು. ದಾನಿಯ ಬಿ.ಪಿ. ಏರಿಳಿತ, ತಣ್ಣನೆಯ ಪೆಟ್ಟಿಗೆಯಲ್ಲಿ ಕಳೆದ ಗಂಟೆಗಳು, ಮತ್ತೆ ಬಿಸಿ ರಕ್ತ ನುಗ್ಗಿದ ಆಘಾತ, ಇಷ್ಟೂ ಸೇರಿ ಅದರ ನಾಳಗಳ ಒಳಪದರ ಉದುರಿರುತ್ತದೆ. ಹೊಸ ಪದರ ಬೆಳೆಯುವ ತನಕ ಕಿಡ್ನಿ ಮಲಗಿರುತ್ತದೆ. ಕೆಲವರಿಗೆ ನಾಲ್ಕು ದಿನ, ಕೆಲವರಿಗೆ ಎರಡು ಮೂರು ವಾರ. ಅಷ್ಟು ದಿನ ಡಯಾಲಿಸಿಸ್ ಮುಂದುವರಿಯುತ್ತದೆ. ಮೃತ ದಾನಿಯ ಕಸಿಯಲ್ಲಿ ಇದು ಅಪರೂಪವೇನಲ್ಲ. ಪಕ್ಕದ ಮಂಚದವಳ ಕ್ರಿಯಾಟಿನಿನ್ ಐದನೇ ದಿನಕ್ಕೆ 1.2 ಆಗಿ, ನಿನ್ನದು 7ರಲ್ಲೇ ನಿಂತಿದ್ದರೆ ಕಸಿ ಸೋತಿತು ಎಂದು ಅಳುತ್ತಾ ಕೂರಬೇಡ. ರಕ್ತ ಹರಿಯುತ್ತಿದೆಯೇ ಎಂದು ಡಾಪ್ಲರ್ ಸ್ಕ್ಯಾನಿನಲ್ಲಿ ನೋಡುತ್ತಾರೆ. ವಾರ ಹತ್ತು ದಿನ ಕಳೆದರೂ ಏಳದಿದ್ದರೆ ಸೂಜಿಯಿಂದ ಎಳ್ಳಿನಷ್ಟು ತುಣುಕು ತೆಗೆದು ಬಯಾಪ್ಸಿ ಮಾಡುತ್ತಾರೆ. ಮಲಗಿದ ಕಿಡ್ನಿಯೊಳಗೇ ತಿರಸ್ಕಾರ, ಅಂದರೆ ಬೇರೆಯವರದೆಂದು ದೇಹ ಅದರ ಮೇಲೆ ದಾಳಿ ಮಾಡುವುದು, ಶುರುವಾಗಿದ್ದರೆ ಹೊರಗೆ ಯಾವ ಸುಳಿವೂ ಕಾಣುವುದಿಲ್ಲ, ಅದಕ್ಕೇ ಬಯಾಪ್ಸಿ. ಬೇಡ ಎನ್ನಬೇಡ.

ಇದಕ್ಕಿಂತ ಬೇರೆ, ನಿಜಕ್ಕೂ ಓಡಬೇಕಾದ ಸಂದರ್ಭವೊಂದಿದೆ. ಚೆನ್ನಾಗಿ ಬರುತ್ತಿದ್ದ ಮೂತ್ರ ಮೊದಲ ಎರಡು ಮೂರು ದಿನದಲ್ಲಿ ಥಟ್ಟನೆ ನಿಂತರೆ ಮೂತ್ರಕ್ಕೆ ಹಾಕಿದ ಕೊಳವೆಯಲ್ಲಿ (ಕ್ಯಾತೆಟರ್) ರಕ್ತದ ಗಡ್ಡೆ ಸಿಕ್ಕಿರಬಹುದು. ಅದು ತೊಳೆದರೆ ಸರಿಹೋಗುತ್ತದೆ. ರಕ್ತನಾಳವೇ ಕಟ್ಟಿಕೊಂಡಿದ್ದರೆ ಗಂಟೆಯೊಳಗೆ ಮತ್ತೆ ಆಪರೇಷನ್ ಆಗಬೇಕು, ಇಲ್ಲವಾದರೆ ಕಿಡ್ನಿ ಉಳಿಯುವುದಿಲ್ಲ. ಮೂತ್ರದ ಚೀಲದಲ್ಲಿ ಒಂದು ಗಂಟೆಯಿಂದ ಏನೂ ಇಳಿದಿಲ್ಲ ಎಂದು ಕಂಡರೆ ಸಿಸ್ಟರನ್ನು ಕೂಗು, ಸಂಕೋಚ ಬೇಡ. ಇಲ್ಲೊಂದು ಸೂಕ್ಷ್ಮವಿದೆ. ನಿನಗೆ ಈಗಲೂ ದಿನಕ್ಕೆ ಸ್ವಲ್ಪ ಮೂತ್ರ ಬರುತ್ತದೆ. ಆಪರೇಷನ್ ಆದ ಮೇಲೆ ಚೀಲದಲ್ಲಿ ಬೀಳುವುದು ಹಳೇ ಕಿಡ್ನಿಯದೋ ಹೊಸದರದೋ ನೋಡಿದರೆ ಗೊತ್ತಾಗುವುದಿಲ್ಲ. ಮೊದಲು 600 ಮಿಲಿ ಬರುತ್ತಿತ್ತು ಎಂದು ಬರೆದಿಟ್ಟಿದ್ದರೆ, ಆಮೇಲೆ 600 ಬಂದಾಗ ಡಾಕ್ಟರು ಮೋಸ ಹೋಗುವುದಿಲ್ಲ. ತಿಂಗಳಿಗೊಮ್ಮೆ 24 ಗಂಟೆಯ ಮೂತ್ರ ಅಳೆದು ಫೈಲಿನಲ್ಲಿ ಬರೆ. ಬೆಳಿಗ್ಗೆ ಎದ್ದ ಮೊದಲ ಮೂತ್ರ ಚೆಲ್ಲಿ, ಅಲ್ಲಿಂದ ಮರುದಿನ ಅದೇ ಹೊತ್ತಿನದರವರೆಗೆ ಎಲ್ಲವನ್ನೂ ಅಳತೆಯ ಜಗ್ಗಿಗೆ ಹಿಡಿ, ಅಷ್ಟೇ.

ತಿರಸ್ಕಾರ ತಡೆಯುವ ಮಾತ್ರೆಗಳದ್ದು ಆಮೇಲಿನ ಬದುಕು ಪೂರ್ತಿ. ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೊಲೋನ್, ಸಾಮಾನ್ಯವಾಗಿ ಈ ಮೂರು. ಟ್ಯಾಕ್ರೋಲಿಮಸ್ ಹನ್ನೆರಡು ಗಂಟೆಗೊಮ್ಮೆ, ಬೆಳಿಗ್ಗೆ 9, ರಾತ್ರಿ 9. ರಕ್ತದಲ್ಲಿ ಅದರ ಮಟ್ಟ ಮೊದಲ ಮೂರು ತಿಂಗಳು ಸುಮಾರು 8ರಿಂದ 12, ಆಮೇಲೆ 5ರಿಂದ 8 ಇರುವಂತೆ ನೋಡಿಕೊಳ್ಳುತ್ತಾರೆ. ಕಡಿಮೆಯಾದರೆ ದೇಹ ಕಿಡ್ನಿಯನ್ನು ತಿರಸ್ಕರಿಸುತ್ತದೆ, ಹೆಚ್ಚಾದರೆ ಅದೇ ಔಷಧ ಕಿಡ್ನಿಯನ್ನು ಕೆಡಿಸುತ್ತದೆ, ಕೈ ನಡುಗುತ್ತದೆ, ಸಕ್ಕರೆ ಏರುತ್ತದೆ. ಎಲ್ಲರೂ ಎಡವುವುದು ಪರೀಕ್ಷೆಯ ದಿನ. ಅಳೆಯಬೇಕಾದ್ದು ಮುಂದಿನ ಡೋಸಿಗೆ ಸ್ವಲ್ಪ ಮುಂಚಿನ, ತೀರಾ ಕೆಳಗಿಳಿದ ಮಟ್ಟ. ಬೆಳಿಗ್ಗೆ ಅಭ್ಯಾಸಬಲದಿಂದ ಮಾತ್ರೆ ನುಂಗಿ ಲ್ಯಾಬಿಗೆ ಹೋದರೆ 18 ಎಂದು ಬರುತ್ತದೆ. ಡಾಕ್ಟರು ಡೋಸ್ ಇಳಿಸುತ್ತಾರೆ. ಎರಡು ವಾರದಲ್ಲಿ ಕ್ರಿಯಾಟಿನಿನ್ ಏರುತ್ತದೆ. ಯಾರ ತಪ್ಪೂ ಕಾಣುವುದಿಲ್ಲ. ಹಾಗಾಗಿ ಪರೀಕ್ಷೆಯ ದಿನ ಮಾತ್ರೆ ಪರ್ಸಿನಲ್ಲಿರಲಿ, ರಕ್ತ ಕೊಟ್ಟ ಮೇಲೆ ಅಲ್ಲೇ ನುಂಗು. ಹಿಂದಿನ ರಾತ್ರಿ ಎಷ್ಟು ಗಂಟೆಗೆ ನುಂಗಿದ್ದೆ ಎಂದು ಲ್ಯಾಬ್ ಚೀಟಿಯಲ್ಲಿ ಬರೆಸು.

ಅಂಗಡಿಯವನು ‘ಅದೇ ಔಷಧ, ಬೇರೆ ಕಂಪನಿ, ಕಡಿಮೆ ಬೆಲೆ’ ಎಂದರೆ ಡಾಕ್ಟರನ್ನು ಕೇಳದೆ ಬದಲಿಸಬೇಡ, ಬದಲಿಸಿದರೆ ಮತ್ತೆ ಮಟ್ಟ ನೋಡಿಸಬೇಕು. ಮೈಕೋಫಿನೋಲೇಟ್ ಎರಡು ಬಗೆ. ಮೊಫೆಟಿಲ್ 500 ಮಿ.ಗ್ರಾಂ ಮಾತ್ರೆಗೆ ಸೋಡಿಯಂ ಬಗೆಯ 360 ಸಮ. ಹೆಸರಿನ ಮೊದಲ ಪದ ಒಂದೇ ಎಂದು ಅಂಗಡಿಯಲ್ಲಿ ಅದಲು ಬದಲಾಗುವುದುಂಟು. ಎದೆಯುರಿಗೆ ಜೆಲ್ ಥರದ ಆಂಟಾಸಿಡ್ ಕುಡಿದರೆ ಮೈಕೋಫಿನೋಲೇಟ್ ಮೈಗೆ ಹತ್ತುವುದಿಲ್ಲ, ಎರಡರ ನಡುವೆ ಎರಡು ಗಂಟೆಯಾದರೂ ಬಿಡು. ಭೇದಿಯಾದರೆ ಟ್ಯಾಕ್ರೋಲಿಮಸ್ ಮಟ್ಟ ಇಳಿಯುತ್ತದೆ ಎಂದು ಜನ ಊಹಿಸುತ್ತಾರೆ, ನಿಜಕ್ಕೆ ಏರುತ್ತದೆ. ಎರಡು ದಿನ ಭೇದಿ ನಿಲ್ಲದಿದ್ದರೆ ಫೋನ್ ಮಾಡು. ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಕೊನಜೋಲ್, ಬಿ.ಪಿ.ಯ ಡಿಲ್ಟಿಯಾಜೆಮ್, ಆಂಟಿಬಯೋಟಿಕ್ ಕ್ಲಾರಿತ್ರೊಮೈಸಿನ್ ಮಟ್ಟ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆಗೆ ಕೊಡುವ ಫೆನಿಟಾಯಿನ್ ಪಾತಾಳಕ್ಕೆ ಇಳಿಸುತ್ತವೆ. ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸರಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜನ್ಮದಲ್ಲಿ ಬೇಡ. ಒಂದು ಡೋಸ್ ಮರೆತರೆ ನೆನಪಾದ ತಕ್ಷಣ ನುಂಗು. ಮುಂದಿನದರ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡು. ಎರಡನ್ನೂ ಒಟ್ಟಿಗೆ ಬೇಡ.

ತಿರಸ್ಕಾರ ನೋಯಿಸುವುದಿಲ್ಲ, ಅದೇ ಅದರ ಕೇಡು. ಕ್ರಿಯಾಟಿನಿನ್ 1.1ರಿಂದ 1.5 ಆದಾಗ ನಿನಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಮೊದಲ ತಿಂಗಳು ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಮ್ಮೆ, ನಿಧಾನಕ್ಕೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಬೇಗ ಸಿಕ್ಕಿದರೆ ಮೂರು ದಿನದ ಸ್ಟಿರಾಯ್ಡ್ ಇಂಜೆಕ್ಷನ್‌ನಿಂದ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಜನ ಮಾತ್ರೆ ತಪ್ಪಿಸುವುದು ಮೊದಲ ವರ್ಷವಲ್ಲ, ಹೆದರಿಕೆಯಿಂದ ಆಗ ಚಾಚೂ ತಪ್ಪುವುದಿಲ್ಲ. ಮೂರನೇ ನಾಲ್ಕನೇ ವರ್ಷ, ಮುಖಕ್ಕೆ ಕಳೆ ಬಂದು, ಕೆಲಸ, ಮದುವೆ, ಪ್ರವಾಸ ಎಂದು ಓಡಾಡುವಾಗ ತಪ್ಪಿಸುತ್ತಾರೆ.

ಇನ್ನು ಅಡುಗೆಮನೆ. ಡಯಾಲಿಸಿಸ್‌ನಲ್ಲಿ ಕಲಿತ ಪಥ್ಯ ಅಲ್ಲಿ ತಲೆಕೆಳಗಾಗುತ್ತದೆ. ಈಗ ನೀರನ್ನು ಲೋಟದಲ್ಲಿ ಅಳೆಯುವವಳು ಆಗ ದಿನಕ್ಕೆ ಎರಡೂವರೆ ಮೂರು ಲೀಟರ್ ಕುಡಿಯಬೇಕು. ಹಾಲು, ಮೊಸರು, ಬೇಳೆ ಮತ್ತೆ ತಟ್ಟೆಗೆ ಬರುತ್ತವೆ, ಏಕೆಂದರೆ ಹೊಸ ಕಿಡ್ನಿ ರಂಜಕವನ್ನು ಬೇಕಾದ್ದಕ್ಕಿಂತ ಹೆಚ್ಚೇ ಹೊರಗೆ ಹಾಕುತ್ತದೆ. ಆದರೆ ಎಳನೀರು, ಬಾಳೆಹಣ್ಣಿಗೆ ತಕ್ಷಣ ಕೈ ಹಾಕಬೇಡ. ಟ್ಯಾಕ್ರೋಲಿಮಸ್ಸೂ, ಸೋಂಕು ತಡೆಯಲು ಕೊಡುವ ಕೋಟ್ರೈಮಾಕ್ಸಜೋಲ್ ಕೂಡ ಪೊಟ್ಯಾಸಿಯಂ ಏರಿಸುತ್ತವೆ, ವರದಿ ನೋಡಿಕೊಂಡು ಕುಡಿ. ದೇವನಹಳ್ಳಿ ಚಕ್ಕೋತ ನಿನಗೆಷ್ಟು ಇಷ್ಟ ಎಂದು ಗೊತ್ತು. ಅದು ಮಾತ್ರ ಮುಗಿಯಿತು, ಒಂದು ತೊಳೆಯೂ ಬೇಡ. ಗ್ರೇಪ್‌ಫ್ರೂಟಿನ ಹಾಗೆಯೇ ಅದು ಕರುಳಿನಲ್ಲಿ ಔಷಧ ಒಡೆಯುವ ಕಿಣ್ವವನ್ನು ತಡೆದು ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸಿಬಿಡುತ್ತದೆ. ಕಿತ್ತಳೆ, ಮೂಸಂಬಿಗೆ ಆ ತೊಂದರೆಯಿಲ್ಲ. ಧಾರೆಹುಳಿಯಂತೂ ಈಗಲೂ ಬೇಡ, ಡಯಾಲಿಸಿಸ್‌ನವರಿಗೆ ಅದು ನೇರವಾಗಿ ಮಿದುಳಿಗೆ ವಿಷ.

ಮೊದಲ ಆರು ತಿಂಗಳು ಹಸಿಯಾದದ್ದೇನೂ ಹೊರಗಿನದು ಬೇಡ: ಪಾನಿಪುರಿ, ಕೊಯ್ದಿಟ್ಟ ಹಣ್ಣು, ಐಸು ಹಾಕಿದ ಕಬ್ಬಿನ ಹಾಲು. ದೇವಸ್ಥಾನದ ತೀರ್ಥ, ಹಸಿ ಹಾಲಿನ ಪಂಚಾಮೃತ ಕಣ್ಣಿಗೊತ್ತಿಕೊಂಡರೆ ಸಾಕು, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ. ನೆನೆಸಿದ ಹೆಸರುಬೇಳೆಯ ಕೋಸಂಬರಿಯನ್ನು ಬೇಯಿಸಿ ಪಲ್ಯ ಮಾಡಿಕೋ. ಕುದಿಸಿ ಆರಿಸಿದ ನೀರು. ಸ್ಟಿರಾಯ್ಡಿನಿಂದ ಹಸಿವು ಕೆರಳುತ್ತದೆ, ಮೂರು ತಿಂಗಳಲ್ಲಿ ಹತ್ತು ಕಿಲೋ ಏರಿಸಿಕೊಂಡು ಸಕ್ಕರೆ ತಂದುಕೊಳ್ಳುವವರಿದ್ದಾರೆ. ನಿನಗೆ ನನ್ನ ಕಡೆಯಿಂದ ಸಕ್ಕರೆಯ ವಂಶ ಬೇರೆ. ‘ರೋಗನಿರೋಧಕ ಶಕ್ತಿ ಹೆಚ್ಚಾಗಲಿ’ ಎಂದು ಯಾರಾದರೂ ಅಮೃತಬಳ್ಳಿ ಕಷಾಯ ತಂದರೆ ನಗುತ್ತಾ ಈಸಿಕೊಂಡು ಗಿಡಕ್ಕೆ ಹಾಕು. ನಾವು ಲಕ್ಷಗಟ್ಟಲೆ ಸುರಿದು ತಗ್ಗಿಸುತ್ತಿರುವುದೇ ಆ ಶಕ್ತಿಯನ್ನು.

ಜ್ವರ 100.4 ದಾಟಿದರೆ ಮನೆಯಲ್ಲಿ ಮಾತ್ರೆ ನುಂಗಿ ನೋಡೋಣ ಎನ್ನುವ ಮಾತಿಲ್ಲ, ಫೋನ್ ಮಾಡಿ ಆಸ್ಪತ್ರೆಗೆ. ಮೂತ್ರದ ಸೋಂಕು, ಸೈಟೊಮೆಗಾಲೊ ವೈರಸ್, ಕ್ಷಯ, ನಮ್ಮ ಕಡೆ ಈ ಮೂರಕ್ಕೆ ಹೆಚ್ಚು ಹೆದರಬೇಕು. ಸೈಟೊಮೆಗಾಲೊಗೆ ವಾಲ್‌ಗ್ಯಾನ್‌ಸಿಕ್ಲೋವಿರ್ ಮೂರರಿಂದ ಆರು ತಿಂಗಳು ಕೊಡುತ್ತಾರೆ, ದುಬಾರಿ ಔಷಧ. ಖರ್ಚಿನ ಲೆಕ್ಕ ಹಾಕುವಾಗ ಆಪರೇಷನ್ ಬಿಲ್ಲಿನ ಜೊತೆ ಮೊದಲ ಆರು ತಿಂಗಳ ಮಾತ್ರೆ, ಪರೀಕ್ಷೆಗಳ ದುಡ್ಡನ್ನೂ ಸೇರಿಸಲು ಅಳಿಯಂದಿರಿಗೆ ಹೇಳು. ಬಾಲ್ಕನಿಯಲ್ಲಿ ಪಾರಿವಾಳದ ಹಿಕ್ಕೆ ಗುಡಿಸುವುದು ನಿನ್ನ ಕೆಲಸವಲ್ಲ, ಅದರಲ್ಲಿ ಶ್ವಾಸಕೋಶಕ್ಕೂ ಮಿದುಳಿಗೂ ಹಬ್ಬುವ ಶಿಲೀಂಧ್ರ ಇರುತ್ತದೆ. ಬಲೆ ಹೊಡೆಸಿಬಿಡಿ.

ಇದೊಂದನ್ನು ನಿನಗೆ ಮಾತ್ರ ಬರೆಯುತ್ತಿದ್ದೇನೆ. ಕಸಿಯಾದ ಒಂದೆರಡು ತಿಂಗಳಲ್ಲೇ ಮುಟ್ಟು ಸರಿಹೋಗಬಹುದು, ಅದರ ಜೊತೆ ಬಸಿರಾಗುವ ಸಾಧ್ಯತೆಯೂ. ಡಯಾಲಿಸಿಸ್‌ನಲ್ಲಿ ಅದರ ಯೋಚನೆಯೇ ಇರದ ಹೆಣ್ಣುಮಕ್ಕಳು ಆಗ ಮೈಮರೆಯುತ್ತಾರೆ. ಮೈಕೋಫಿನೋಲೇಟ್ ನುಂಗುತ್ತಿರುವಾಗ ಬಸಿರು ನಿಂತರೆ ಗರ್ಭಪಾತವಾಗಬಹುದು ಅಥವಾ ಮಗುವಿನ ಕಿವಿ, ತುಟಿಯಲ್ಲಿ ದೋಷ ಬರಬಹುದು. ಹಾಗಾಗಿ ಕನಿಷ್ಠ ಒಂದು ವರ್ಷ ಕಟ್ಟುನಿಟ್ಟಿನ ಎಚ್ಚರ ಬೇಕು, ಯಾವ ವಿಧಾನ ಎಂದು ಡಿಸ್ಚಾರ್ಜಿಗೆ ಮುಂಚೆಯೇ ಕೇಳು. ಈಸ್ಟ್ರೋಜನ್ ಇರುವ ಗುಳಿಗೆ ಬಿ.ಪಿ. ಇರುವವರಿಗೆ ಆಗದು. ಮಗು ಬೇಕೆಂದಾಗ ಕ್ರಿಯಾಟಿನಿನ್ ಸ್ಥಿರವಾಗಿದ್ದು, ಮೂತ್ರದಲ್ಲಿ ಪ್ರೋಟೀನ್ ಸೋರದೆ ಇದ್ದರೆ, ಮೈಕೋಫಿನೋಲೇಟ್ ಬದಲು ಅಜಥಯೋಪ್ರಿನ್‌ಗೆ ಹೋಗಿ ಆರು ವಾರವಾದರೂ ಕಳೆದ ಮೇಲೆ ಪ್ರಯತ್ನಿಸಬಹುದು. ಕಸಿಯಾದವರು ಹೆತ್ತಿದ್ದಾರೆ, ಹೆರುತ್ತಿದ್ದಾರೆ. ಅತ್ತೆಮನೆಯಲ್ಲಿ ಯಾರಾದರೂ ಅವಸರ ಮಾಡಿದರೆ ನನ್ನ ಕಡೆ ಬೆರಳು ತೋರಿಸು.

ಈ ಕಿಡ್ನಿ ಎಂದೆಂದಿಗೂ ಅಲ್ಲ ಎಂಬುದನ್ನೂ ತಿಳಿದುಕೋ. ಮೃತ ದಾನಿಯದು ಹತ್ತು ವರ್ಷ, ಚೆನ್ನಾಗಿ ನೋಡಿಕೊಂಡರೆ ಅದಕ್ಕೂ ಮಿಗಿಲು, ಕೆಲವರಿಗೆ ಇಪ್ಪತ್ತು. ಫಿಸ್ಟುಲಾದ ಕೈಯನ್ನು ಆಮೇಲೂ ಜೋಪಾನವಾಗಿಡು ಎನ್ನುವುದು ಅದಕ್ಕೂ ಸೇರಿ.

ಉತ್ತರ ಬರೆಯುವಾಗ ಮೂರು ಸಂಗತಿ ಬೇಕು ನನಗೆ: 24 ಗಂಟೆಯ ಮೂತ್ರ ಎಷ್ಟು ಮಿಲಿ, ಹೆಪಟೈಟಿಸ್ ಬಿ ಆಂಟಿಬಾಡಿ ಎಷ್ಟು, ನಿನ್ನ ಸೀರಂ ಮಾದರಿ ಕಡೆಯದಾಗಿ ಪ್ರಯೋಗಾಲಯಕ್ಕೆ ಹೋದ ದಿನಾಂಕ ಯಾವುದು. ಮೂರನೆಯದು ನಿನಗೆ ಗೊತ್ತಿರುವುದಿಲ್ಲ, ಗುರುವಾರ ಡಯಾಲಿಸಿಸ್‌ಗೆ ಹೋದಾಗ ಸಂಯೋಜಕರನ್ನೇ ಕೇಳಿ ಬರೆದುಕೊಂಡು ಬಾ.

ಇಂತಿ ನಿನ್ನ
ಅಮ್ಮ